ಕೈಕಟ್ಟಕ್ಕ ಮತ್ತು ಕತ್ತರಿ ಮೇಷ್ಟ್ರ ಗಡ್ಡ

ಊರೆಂದ ಮೇಲೆ ಒಂದು ಆಸ್ಪತ್ರೆ, ಆಸ್ಪತ್ರೆಯೆಂದ ಮೇಲೆ ಒಂದು ಉದ್ದನೆಯ ವಾರ್ಡು, ವಾರ್ಡೆಂದ ಮೇಲೆ ಬಂದವರೆಲ್ಲ ಬೈದುಕೊಂಡು ಹೋಗುವ ಒಬ್ಬಳು ಸಿಸ್ಟರ್ ಇರಲೇಬೇಕಲ್ಲ? ಈ ವಾರ್ಡಿನಲ್ಲೂ ಒಬ್ಬಳಿದ್ದಳು. ಹೆತ್ತವರು ಇಟ್ಟ ಹೆಸರು ಅವಳ ಎದೆಯ ಮೇಲಿನ ಪಟ್ಟಿಯಲ್ಲಿತ್ತು. ಅದನ್ನು ಓದಿದವರು ಕಡಿಮೆ. ನೆಲ ಒರೆಸುವ ಆಯಾಳಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರ ಬಾಯಲ್ಲೂ ಅವಳು ಕೈಕಟ್ಟಕ್ಕ.

ಅದು ಲಕ್ವ ಹೊಡೆದವರ ವಾರ್ಡು. ನಿನ್ನೆ ಸಂಜೆ ಏಣಿ ಹತ್ತಿ ಬಲ್ಬು ಬದಲಿಸಿದವನು ಇವತ್ತು ಬೆಳಿಗ್ಗೆ ಅರ್ಧ ಮೈ ತನ್ನದು, ಇನ್ನರ್ಧ ಯಾರದೋ ಎಂಬಂತೆ ಬಂದು ಮಲಗುವ ಜಾಗ. ಅಲ್ಲಿ ಒಬ್ಬ ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿರುತ್ತಾನೆ. ಗುಂಡಿ ತೂತಿನ ಬಾಗಿಲಿಗೆ ಬರುತ್ತದೆ, ಇಣುಕುತ್ತದೆ, ಜಾರುತ್ತದೆ. ಮತ್ತೆ ಬರುತ್ತದೆ, ಮತ್ತೆ ಜಾರುತ್ತದೆ. ನೋಡುವವರ ಕೈ ತುರಿಸುತ್ತದೆ. ಈ ಸಿಸ್ಟರ್ ಮಾತ್ರ ಬೆನ್ನ ಹಿಂದೆ ಒಂದು ಕೈಯಿಂದ ಇನ್ನೊಂದರ ಮಣಿಕಟ್ಟು ಹಿಡಿದುಕೊಂಡು, ಬಿದ್ದರೆ ಹಿಡಿಯುವಷ್ಟು ಹತ್ತಿರ, ಮುಟ್ಟದಷ್ಟು ದೂರ, ನಿಂತೇ ಇರುತ್ತಾಳೆ.

"ಸಂಬಳ ತಗೊಳ್ಳೋದು ಕೈ ಕಟ್ಕೊಂಡು ನಿಲ್ಲೋದಕ್ಕಾ?" ಎಂದು ನೆಂಟರು ಗೊಣಗುತ್ತಿದ್ದರು.

ಕಟ್ಟದ ಹೊತ್ತಿನಲ್ಲಿ ಆ ಕೈಗಳು ಏನು ಮಾಡುತ್ತಿದ್ದವೆಂದು ಯಾರು ನೋಡಿದ್ದಾರೆ? ಮಲಗಿದವರನ್ನು ಆ ಮಗ್ಗುಲಿಂದ ಈ ಮಗ್ಗುಲಿಗೆ ಹೊರಳಿಸಿ, ಹಿಮ್ಮಡಿ ಕೆಂಪಾಗಿದೆಯೇ, ಸೊಂಟದ ಚರ್ಮ ಸವೆದಿದೆಯೇ ಎಂದು ಸವರಿ ನೋಡುವವು ಅವೇ. ಮಾತ್ರೆ ಬಾಯೊಳಗೆ ಹೋಯಿತೇ, ಕೆನ್ನೆಯ ಸಂದಿಯಲ್ಲಿ ಅಡಗಿ ಕೂತಿತೇ ಎಂದು ಹುಡುಕುವವು ಅವೇ. ಒದ್ದೆಯಾದ ಹಾಸಿಗೆಯನ್ನು ಮಲಗಿದವನಿಗೆ ನಾಚಿಕೆಯಾಗದ ಹಾಗೆ, ಏನೋ ಹವೆಯ ವಿಚಾರ ಮಾತಾಡುತ್ತ ಬದಲಿಸುವವೂ ಅವೇ. ಡಾಕ್ಟರು ಬೆಳಿಗ್ಗೆ ಒಮ್ಮೆ ಬಂದು ಹೋದ ಮೇಲೆ ಮತ್ತೆ ಬರುವವರೆಗೆ ಆ ಮೈಗೆ ಏನಾಯಿತೆಂದು ಹೇಳಬೇಕಾದವಳು ಅವಳು. ಆದರೆ ಮಾಡಿದ ಕೆಲಸ ಕಣ್ಣಿಗೆ ಬೀಳುವುದಿಲ್ಲ, ಮಾಡದೆ ನಿಂತದ್ದು ಬೀಳುತ್ತದೆ. ಲೋಕದ ಕಣ್ಣೇ ಹಾಗೆ.

ಈ ನಿಲ್ಲುವ ವಿದ್ಯೆ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ನರ್ಸಿಂಗ್ ಕಲಿಯಲು ಬಂದಾಗ ಅವಳಷ್ಟು ಚುರುಕಿನ ಹುಡುಗಿ ಆ ತಂಡದಲ್ಲೇ ಇರಲಿಲ್ಲ. ಮನೆಯಲ್ಲಿ ಹಿರಿಮಗಳು, ತಮ್ಮಂದಿರ ಮೂಗೊರೆಸಿ, ತಲೆ ಬಾಚಿ, ಚೀಲ ಹೊರಿಸಿ ಶಾಲೆಗೆ ಅಟ್ಟಿ ಅಭ್ಯಾಸ. ಕೇಳುವುದಕ್ಕೆ ಮೊದಲೇ ಅವಳ ಕೈ ಓಡುತ್ತಿತ್ತು. ಒಂದು ದಿನ ಗುಂಡಿ ಹಾಕಿಕೊಳ್ಳುತ್ತಿದ್ದ ಒಬ್ಬ ಮುದುಕನ ಅಂಗಿಗೆ ಇವಳು ಕೈ ಹಾಕಿ ಟಪಟಪನೆ ಮುಗಿಸಿದಳು. ಪಾಠ ಹೇಳುವ ಟ್ಯೂಟರಮ್ಮ ದೂರದಿಂದ ನೋಡಿದವರು ಬಂದು, ಎಲ್ಲ ಗುಂಡಿಯನ್ನೂ ಬಿಚ್ಚಿದರು. ಆಮೇಲೆ ಟ್ರೇಯಿಂದ ಬ್ಯಾಂಡೇಜ್ ಬಟ್ಟೆ ತೆಗೆದು ಇವಳ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿದರು.

"ಈಗ ನಿಂತ್ಕೊಂಡು ನೋಡು."

"ಮೇಡಂ, ಪಾಪ ಕಷ್ಟ ಪಡ್ತಿದಾರೆ."

"ಕಷ್ಟ ಅವರದು. ಅದನ್ನೂ ನೀನೇ ತಗೊಂಡ್ರೆ ಅವರಿಗೆ ಉಳಿಯೋದೇನು?"

ಆ ಮುದುಕ ಒಂದು ಗುಂಡಿ ಹಾಕುವಷ್ಟರಲ್ಲಿ ಊಟದ ಗಾಡಿ ಬಂದು ಹೋಗಿತ್ತು. ಗುಂಡಿ ತೂತಿನೊಳಗೆ ನುಸುಳಿದ ಗಳಿಗೆಯಲ್ಲಿ ಅವನು ತಲೆಯೆತ್ತಿ ಇವಳನ್ನು ನೋಡಿದ ನೋಟವಿದೆಯಲ್ಲ, ಕಣ್ಣೀರು ಒರೆಸಿಕೊಳ್ಳೋಣವೆಂದರೆ ಇವಳಿಗೆ ಕೈ ಇರಲಿಲ್ಲ. ಅಂದಿನಿಂದ ಆ ಬ್ಯಾಂಡೇಜ್ ಯಾರೂ ಕಟ್ಟದೆಯೇ ಅವಳ ಕೈಯಲ್ಲಿ ಉಳಿಯಿತು.

ಮನೆಯಲ್ಲಿ ಮಾತ್ರ ಅದು ಬಿಚ್ಚಿಹೋಗುತ್ತಿತ್ತು ಬಿಡಿ. ಗಂಡ ಬಸ್ಸು ಓಡಿಸಿ ಓಡಿಸಿ ನಿವೃತ್ತನಾದವನು. ಅವನು ಲೋಟ ತೊಳೆದರೆ ಇವಳು ಮತ್ತೆ ತೊಳೆಯುತ್ತಿದ್ದಳು. ಹಾಸಿಗೆ ಮಡಿಸಿದರೆ ಬಿಚ್ಚಿ ಮಡಿಸುತ್ತಿದ್ದಳು. "ಊರಿನೋರ ಮುಂದೆ ಕೈ ಕಟ್ತೀಯ, ಮನೆಗೆ ಬಂದು ನನ್ ಕೈ ಕಟ್ತೀಯ" ಎಂದು ಅವನು ನಗುತ್ತಿದ್ದ. ಅವಳೂ ನಗುತ್ತಿದ್ದಳು. ನಕ್ಕು ಹಾಸಿಗೆ ಮಡಿಸುತ್ತಿದ್ದಳು.

ಹೀಗಿರುವಾಗ ಒಂದು ದಿನ ಆ ವಾರ್ಡಿಗೆ ಕತ್ತರಿ ಮೇಷ್ಟ್ರು ಬಂದರು.

ಮೇಷ್ಟ್ರೆಂದರೆ ಶಾಲೆಯ ಮೇಷ್ಟ್ರಲ್ಲ. ಪೇಟೆಯ ಮೂಲೆಯಲ್ಲಿ ಸಲೂನು ಇಟ್ಟವರು. ಎಷ್ಟೋ ಮಂದಿಗೆ ಕತ್ತರಿ ಹಿಡಿಯುವುದನ್ನು ಕಲಿಸಿ, ಅವರೆಲ್ಲ ಊರ ತುಂಬ ತಮ್ಮ ತಮ್ಮ ಅಂಗಡಿ ತೆರೆದ ಮೇಲೆ ಅವರಿಗೆ ಆ ಹೆಸರು ಬಂತು. ಸಣ್ಣ ಮೈ, ನೇರ ಬೆನ್ನು, ಗಲ್ಲದ ಮೇಲೆ ನೊಣ ಕೂತರೆ ಜಾರಿ ಬೀಳುವ ನುಣುಪು. ಗಿರಾಕಿಯ ಕುತ್ತಿಗೆಗೆ ಬಟ್ಟೆ ಸುತ್ತುತ್ತಿದ್ದಾಗ ಬಲಗೈ ಜೋತುಬಿತ್ತು, ಬಾಯಿ ವಾರೆಯಾಯಿತು, ಮಾತು ತೊದಲಿತು. ಜೀವ ಉಳಿಯಿತು. ಆದರೆ ಬಲಗೈ, ಬಲಗಾಲು, ಬಲಗೆನ್ನೆ ಮೂರೂ ಸೇರಿ ಮುಷ್ಕರ ಹೂಡಿದ್ದವು. ನುಂಗುವುದೂ ಕಷ್ಟ.

ಜೊತೆಗೆ ಹೆಂಡತಿ. ಗಂಡನಿಗಿಂತ ಒಂದು ಗೇಣು ಎತ್ತರ, ಧ್ವನಿ ಎರಡು ಗೇಣು. ಮಕ್ಕಳಿಲ್ಲದ ಮನೆ, ಗಂಡನೇ ಮಗು, ಗಂಡನೇ ಯಜಮಾನ. ಬಂದವಳೇ ಮಂಚದ ಪಕ್ಕದ ಕುರ್ಚಿಯಲ್ಲಿ ಬೇರು ಬಿಟ್ಟಳು.

ಕೈಕಟ್ಟಕ್ಕ ಮೊದಲ ದಿನವೇ ಮಂಚದ ತಲೆದೆಸೆಯನ್ನು ಎತ್ತಿ ಮೇಷ್ಟ್ರನ್ನು ನೆಟ್ಟಗೆ ಕೂರಿಸಿದಳು. ಹಿಸುಕಿದ ಬಾಳೆಹಣ್ಣಿನ ಬಟ್ಟಲು ಮುಂದಿಟ್ಟು, ದಪ್ಪ ಹಿಡಿಯ ಚಮಚವನ್ನು ಎಡಗೈಗೆ ಕೊಟ್ಟಳು. "ನೀರು ತೆಳ್ಳಗೆ ಕೊಡಬಾರದು, ಇಲ್ಲಿಟ್ಟಿರೋ ಪುಡಿ ಹಾಕಿ ಗಟ್ಟಿ ಮಾಡಿದ್ದೇ ಕೊಡಬೇಕು. ಮಲಗಿಸಿ ಏನೂ ಕೊಡಬಾರದು. ಊಟ ಅವರೇ ಮಾಡ್ಲಿ" ಎಂದು ಹೆಂಡತಿಗೆ ಹೇಳಿ, ಪಕ್ಕದ ಮಂಚದವನ ಡ್ರಿಪ್ಪಿನ ಸೂಜಿ ಕಳಚಿಕೊಂಡಿದ್ದರಿಂದ ಅತ್ತ ಓಡಿದಳು. ತಿರುಗಿ ಬರುವಾಗ ಚಮಚ ಹೆಂಡತಿಯ ಕೈಯಲ್ಲಿತ್ತು.

"ಅಮ್ಮಾ, ಚಮಚ ಅವರಿಗೆ ಕೊಡಿ."

"ಅರ್ಧ ಮೈಮೇಲೆ ಚೆಲ್ಕೋತಾರೆ ಸಿಸ್ಟರ್."

"ಚೆಲ್ಲಲಿ. ಇನ್ನರ್ಧ ಬಾಯಿಗೆ ಹೋಗತ್ತಲ್ಲ."

"ನಿಮಗೆ ಕರುಳು ಅನ್ನೋದು ಇದೆಯೋ ಇಲ್ವೋ? ನಿಮ್ಮ ಮನೆಯೋರು ಹೀಗೆ ಮಲಗಿದ್ರೆ ಹೀಗೇ ನಿಂತು ನೋಡ್ತಿದ್ರಾ?"

ಸಿಸ್ಟರ್ ಚಮಚ ತೆಗೆದುಕೊಂಡು ಮೇಷ್ಟ್ರ ಎಡಗೈಗೆ ಇಟ್ಟಳು. ಕೈ ಬೆನ್ನ ಹಿಂದೆ ಹೋಯಿತು. ಹೆಂಡತಿ ಮುಖ ತಿರುಗಿಸಿ ಕಿಟಕಿಗೆ ಬೈಯತೊಡಗಿದಳು. ಕಿಟಕಿ ಪಾಪ, ಏನು ಮಾಡೀತು.

ಹೀಗೆ ದಿನಕ್ಕೆ ಮೂರು ಊಟಕ್ಕೆ ಮೂರು ಜಗಳ. ಮೇಷ್ಟ್ರು ಇಬ್ಬರು ಹೆಂಗಸರ ನಡುವೆ ಚಮಚ ಹಿಡಿದು, ತೊದಲು ನಾಲಿಗೆಯಲ್ಲಿ "ನಾ... ನಾನು..." ಎನ್ನುತ್ತಿದ್ದರು. ಮುಂದಿನ ಮಾತು ಬರುವಷ್ಟರಲ್ಲಿ ಇವರಿಬ್ಬರ ಮಾತು ಮುಗಿದಿರುತ್ತಿತ್ತು.

ಒಂದು ಮಧ್ಯಾಹ್ನ ಸಿಸ್ಟರ್ ವಾರ್ಡಿನ ಇನ್ನೊಂದು ತುದಿಯಲ್ಲಿ ಹೊಸದಾಗಿ ಬಂದವನ ರಕ್ತದೊತ್ತಡ ನೋಡುತ್ತಿದ್ದಳು. ಬಿಸಿಲು ಏರಿತ್ತು. ಮೇಷ್ಟ್ರು ನಿದ್ದೆಯಿಂದೆದ್ದು ಒಣಗಿದ ತುಟಿ ಸವರಿಕೊಂಡರು. ಹೆಂಡತಿ ಅತ್ತ ಇತ್ತ ನೋಡಿದಳು. ಆ ಅಂಟಂಟು ನೀರನ್ನು ಕುಡಿಸಲು ಅವಳ ಮನಸ್ಸೊಪ್ಪಲಿಲ್ಲ. ಬಾಯಾರಿದ ಬಾಯಿಗೆ ಗೋಂದು ಕೊಡುತ್ತಾರೆಯೇ? ಮನೆಯಿಂದ ತಂದ ತಣ್ಣನೆಯ ನೀರಿನ ಬಾಟಲಿ ತೆಗೆದು, ಮಲಗಿದ್ದ ಗಂಡನ ತಲೆಯನ್ನು ಒಂದು ತೋಳಿನಲ್ಲಿ ಎತ್ತಿ, ಲೋಟದಲ್ಲಿ ನೀರು ಕುಡಿಸಿದಳು. ಅಷ್ಟು ಪ್ರೀತಿಯಿಂದ ಲೋಕದಲ್ಲಿ ಯಾರೂ ಯಾರಿಗೂ ನೀರು ಕೊಟ್ಟಿರಲಾರರು.

ಕೆಮ್ಮು ಬಂತು. ಒಂದೇ ಕೆಮ್ಮಲ್ಲ, ಬಾವಿಗೆ ಬಿದ್ದವನ ಕೆಮ್ಮು. ಸಿಸ್ಟರ್ ಓಡಿಬಂದು, ಮೇಷ್ಟ್ರನ್ನು ಎಬ್ಬಿಸಿ ಕೂರಿಸಿ, ಮುಂದಕ್ಕೆ ಬಗ್ಗಿಸಿ, ಗಂಟಲಿಗೆ ನಳಿಕೆ ಹಾಕಿ ನೀರೆಳೆದಳು. ಉಸಿರು ತಹಬಂದಿಗೆ ಬಂದ ಮೇಲೆ, "ಮೇಷ್ಟ್ರೇ, ಒಂದ್ಸಲ 'ಆ' ಅನ್ನಿ" ಎಂದಳು. ಮೇಷ್ಟ್ರು ಅಂದರು. ಆ ಧ್ವನಿ ನೀರಿನಡಿಯಿಂದ ಬಂದ ಹಾಗೆ ಗುಳುಗುಳು ಎಂದಿತು. ಸಿಸ್ಟರ್ ಕೂಡಲೇ ಡಾಕ್ಟರನ್ನು ಕರೆಸಿದಳು. ಅವರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ತಲೆಯಾಡಿಸಿದರು.

ಮಾರನೆಯ ದಿನ ಜ್ವರ ಏರಿತು. ಶ್ವಾಸಕೋಶಕ್ಕೆ ನೀರಿಳಿದು ಸೋಂಕು ಹಿಡಿದಿತ್ತು. ಆಮ್ಲಜನಕ, ಇಂಜೆಕ್ಷನ್ನು, ಮೂಗಿನಿಂದ ಹೊಟ್ಟೆಗೆ ಹೋಗುವ ಊಟದ ನಳಿಕೆ. ಡಾಕ್ಟರು ಹೆಂಡತಿಯನ್ನು ಕರೆದು ಮೆತ್ತಗೆ ಹೇಳಿದರು: "ಈ ಸಲ ಪಾರಾಗ್ತಾರೆ. ಆದ್ರೆ ನುಂಗೋದು ಸರಿಹೋಗ್ಲಿಲ್ಲ ಅಂದ್ರೆ ಮನೆಗೂ ಈ ನಳಿಕೆಯೊಂದಿಗೇ ಕಳಿಸಬೇಕಾಗತ್ತೆ. ಮತ್ತೊಂದು ಸಲ ಹೀಗಾದ್ರೆ ತಡ್ಕೊಳ್ಳೋದು ಕಷ್ಟ."

ಹೆಂಡತಿಯ ಎರಡು ಗೇಣಿನ ಧ್ವನಿ ಅಂದು ಎಲ್ಲಿ ಹೋಯಿತೋ. ಕುರ್ಚಿಯನ್ನು ಮಂಚದಿಂದ ಹಿಂದಕ್ಕೆ ಎಳೆದುಕೊಂಡು, ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಳು, ತನ್ನ ಕೈ ತನ್ನ ಮಾತು ಕೇಳದ ನಾಯಿಯೇನೋ ಎಂಬಂತೆ.

ಜ್ವರ ಇಳಿಯಿತು. ಆದರೆ ಮೇಷ್ಟ್ರ ಮನಸ್ಸೂ ಅದರ ಜೊತೆಗೇ ಇಳಿದುಹೋಗಿತ್ತು. ಮುಖ ಗೋಡೆಯ ಕಡೆ. ವ್ಯಾಯಾಮ ಮಾಡಿಸುವವನು ಬಂದರೆ ಕಣ್ಣು ಮುಚ್ಚುತ್ತಿದ್ದರು. ಹಿಡಿದು ಅಭ್ಯಾಸವಾಗಲೆಂದು ಬರಿಯ ಚಮಚ ಕೊಟ್ಟರೆ ಬೆರಳು ಸಡಿಲ ಬಿಡುತ್ತಿದ್ದರು. ಕನ್ನಡಿಯಂತಿದ್ದ ಗಲ್ಲದ ಮೇಲೆ ಬಿಳಿ ಗಡ್ಡ ಪೈರಿನ ಹಾಗೆ ಎದ್ದಿತ್ತು. ಸಿಸ್ಟರ್ ಬೆನ್ನ ಹಿಂದೆ ಕೈ ಕಟ್ಟಿ ನಿಂತಳು, ನಿಂತಳು. ಆದರೆ ಎದುರಿಗಿದ್ದವನು ಒದ್ದಾಡಿದರೆ ತಾನೇ ನಿಲ್ಲುವುದಕ್ಕೆ ಅರ್ಥ? ಒದ್ದಾಟವನ್ನೇ ಬಿಟ್ಟವನ ಮುಂದೆ ಕೈಕಟ್ಟಿದರೆ ಅದು ಬರೀ ಕೈಕಟ್ಟಿದ್ದು.

ಆವತ್ತು ಸಂಜೆ ಮನೆಗೆ ಬಂದಾಗ ಗಂಡ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ. ಒಂದು ಹೋಳು ಹೆಬ್ಬೆರಳಷ್ಟು, ಇನ್ನೊಂದು ಉಗುರಷ್ಟು. ಅವಳು ಚೀಲವನ್ನೂ ಇಳಿಸದೆ ಚಾಕುವಿಗೆ ಕೈ ಚಾಚಿದಳು.

"ಬಿಡೇ ಮಾರಾಯ್ತಿ, ಇದೊಂದು ಈರುಳ್ಳಿನಾದ್ರೂ ನಂಗಿರ್ಲಿ" ಎಂದ ಗಂಡ.

"ಹೀಗಾ ಹೆಚ್ಚೋದು? ಸೌದೆ ಸೀಳಿದ ಹಾಗಿದೆ."

"ಇರ್ಲಿ. ಬಸ್ಸು ಇಳಿದ ಮೇಲೆ ಈ ಕೈಗೆ ಏನೂ ಕೆಲಸ ಸಿಕ್ಕಿಲ್ಲ. ಇದನ್ನೂ ಕಿತ್ಕೊಂಡ್ರೆ ನಾಳೆಯಿಂದ ನೀನಿಲ್ಲದಾಗ ಕದ್ದು ಹೆಚ್ತೀನಿ ನೋಡು."

ಅವನು ನಗೆಚಾಟಿಕೆಗೆ ಹೇಳಿದ್ದು. ಅವಳ ಚಾಚಿದ ಕೈ ಅಲ್ಲೇ ನಿಂತಿತು. ಕದ್ದು ಹೆಚ್ಚುವುದು. ಕದ್ದು ಕುಡಿಸುವುದು. ಮೇಷ್ಟ್ರ ಕೈಗೆ ಚಮಚ ಕೊಟ್ಟೆನೆಂದು ತಾನು ಬೀಗಿದ್ದೇ ಬಂತು. ಆ ಚಮಚವನ್ನು ಯಾರ ಕೈಯಿಂದ ಕಿತ್ತೆನೆಂದು ನೋಡಿರಲಿಲ್ಲ. ಆ ಹೆಂಗಸಿಗೆ ಬೇಡ ಬೇಡ ಎಂದದ್ದು ಬಿಟ್ಟರೆ, ಮಾಡು ಎಂದು ಒಂದು ಕೆಲಸವನ್ನೂ ಹೇಳಿರಲಿಲ್ಲ. ನೀರಿನ ವಿಚಾರ ಹೇಳಿದ್ದಳು, ನಿಜ. ಆದರೆ ಅವಸರದಲ್ಲಿ ಕಿವಿಗೆ ಹೇಳಿದ್ದಳು, ಕೈಗೆ ಹೇಳಿರಲಿಲ್ಲ.

"ಏನಾಯ್ತೇ? ಈರುಳ್ಳಿ ನಾನು ಹೆಚ್ತಿದೀನಿ, ಕಣ್ಣಲ್ಲಿ ನೀರು ನಿಂಗೆ?"

"ಏನಿಲ್ಲ. ಹೆಚ್ಚಿ" ಎಂದು ಅವಳು ಚೀಲ ಇಳಿಸಿದಳು.

ಬೆಳಿಗ್ಗೆ ಹೋದಾಗ ಮೇಷ್ಟ್ರ ಹೆಂಡತಿ ಮೊಗಸಾಲೆಯ ನಲ್ಲಿಯ ಹತ್ತಿರ ಒಂದು ಟವೆಲ್ಲನ್ನು ಒಗೆಯುತ್ತಿದ್ದಳು. ಕೊಳೆ ಯಾವಾಗಲೋ ಹೋಗಿತ್ತು. ಆದರೂ ಹಿಂಡುವುದು, ನೆನೆಸುವುದು, ಮತ್ತೆ ಹಿಂಡುವುದು. ಸಿಸ್ಟರ್ ಪಕ್ಕದಲ್ಲಿ ನಿಂತು ಟವೆಲ್ಲಿನ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಹಿಂಡಿದರು.

"ನಾನೇ ಕೊಂದುಬಿಡ್ತಿದ್ದೆ ಅಲ್ವಾ ಸಿಸ್ಟರ್?"

"ನೀರು ಕೊಟ್ಟಿದ್ದು ನೀವು. ಯಾಕೆ ಕೊಡಬಾರದು ಅಂತ ಕೂತು ತಿಳಿಸದೆ ಓಡಿದ್ದು ನಾನು. ತಪ್ಪನ್ನ ನೀವೊಬ್ರೇ ಹೊತ್ಕೋಬೇಡಿ, ಭಾರ ಆಗತ್ತೆ."

ಹೆಂಡತಿ ಅವಳ ಮುಖ ನೋಡಿದಳು. ಬೈಗುಳಕ್ಕೆ ಸಿದ್ಧವಾಗಿದ್ದವಳಿಗೆ ಬೈಗುಳವೇ ಸಿಗಲಿಲ್ಲ.

"ಅಮ್ಮಾ, ಈಗ ಹೀಗೆ ತಲೆ ಹಿಂದಕ್ಕೆ ಹಾಕಿ, ಸೂರು ನೋಡ್ತಾ ಉಗುಳು ನುಂಗಿ ನೋಡಿ."

ಹೆಂಡತಿ ತಲೆಯೆತ್ತಿ ನುಂಗಿದಳು. ಗಂಟಲು ತಡೆಯಿತು. ಕಣ್ಣು ಅರಳಿದವು.

"ಈಗ ಗಲ್ಲ ಎದೆ ಕಡೆ ತಗ್ಗಿಸಿ ನುಂಗಿ."

ಸಲೀಸಾಗಿ ಇಳಿಯಿತು.

"ಅಷ್ಟೇ ವಿಷಯ. ನಮಗೆ ಗಂಟಲ ಬಾಗಿಲು ತಾನಾಗೇ ಮುಚ್ಚತ್ತೆ. ಅವರ ಬಾಗಿಲು ಸೋಮಾರಿ ಆಗಿದೆ. ತೆಳ್ಳಗಿನ ನೀರು ಅದು ಮುಚ್ಚೋಕೆ ಮುಂಚೆನೇ ನುಗ್ಗಿಬಿಡತ್ತೆ. ಗಟ್ಟಿ ನೀರು ನಿಧಾನಕ್ಕೆ ಬರತ್ತೆ, ಬಾಗಿಲಿಗೆ ಸಮಯ ಸಿಗತ್ತೆ."

"ಇಷ್ಟೇನಾ? ಇದನ್ನ ಮೊದಲೇ ಹೀಗೆ ಹೇಳಿದ್ರೆ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

"ಅದನ್ನೇ ನಾನೂ ಹೇಳಿದ್ದು" ಎಂದಳು ಸಿಸ್ಟರ್.

ಅಂದಿನಿಂದ ಹೆಂಡತಿಗೆ ಕೈತುಂಬ ಕೆಲಸ. ಗಂಡನನ್ನು ಹೊರಳಿಸುವಾಗ ಮೊಣಕಾಲಿನ ಸಂದಿಗೆ ದಿಂಬು ಎಲ್ಲಿಡಬೇಕು, ನಾಲಿಗೆ ಒಸಡನ್ನು ಮೆತ್ತನೆಯ ಬ್ರಷ್ಷಿನಿಂದ ಹೇಗೆ ಒರೆಸಬೇಕು, ಉಗುಳು ನುಂಗಿದ ಮೇಲೆ 'ಆ' ಅನ್ನಿಸಿ ಧ್ವನಿ ಒಣಗಿದೆಯೋ ಒದ್ದೆಯಿದೆಯೋ ಎಂದು ಹೇಗೆ ಕೇಳಬೇಕು, ಎಲ್ಲವನ್ನೂ ಸಿಸ್ಟರ್ ಕಲಿಸಿದಳು. ಹೆಂಡತಿಯ ಕಿವಿ ಚುರುಕು. "ಈಗ ಒದ್ದೆ ಇದೆ ಸಿಸ್ಟರ್, ಬಂದು ನೋಡಿ" ಎಂದು ವಾರ್ಡಿನ ಆ ತುದಿಗೆ ಕೇಳುವಂತೆ ಕೂಗುತ್ತಿದ್ದಳು. ಎರಡು ಗೇಣಿನ ಧ್ವನಿ ವಾಪಸು ಬಂದಿತ್ತು. ವಾರ್ಡಿಗೆ ಅದು ಒಳ್ಳೆಯದಾಗಿಯೇ ಕೇಳಿಸಿತು.

ಆದರೆ ಮೇಷ್ಟ್ರು ಗೋಡೆಯಿಂದ ಈಚೆ ತಿರುಗಲಿಲ್ಲ.

ಆಸ್ಪತ್ರೆಗೆ ಆಗಾಗ ಬಂದು ರೋಗಿಗಳ ಕ್ಷೌರ ಮಾಡುವ ಒಬ್ಬಾತನಿದ್ದ. ಅವನು ಮೇಷ್ಟ್ರ ಮಂಚಕ್ಕೆ ಬಂದು ಕೆನ್ನೆಗೆ ನೀರು ಹಚ್ಚಲು ಹೋದ. ಅಷ್ಟು ದಿನ ಮರದ ಕೊರಡಿನ ಹಾಗೆ ಬಿದ್ದಿದ್ದವರು ಎಡಗೈಯಿಂದ ಅವನ ಕೈಯನ್ನು ಫಟ್ಟನೆ ಹೊಡೆದರು. ಆತ ಬೆಚ್ಚಿ, "ಅಜ್ಜ ಕಚ್ಚಿದ್ರೂ ಕಚ್ತಾರೆ" ಎಂದು ಪಕ್ಕದ ಮಂಚಕ್ಕೆ ಹೋದ. ಸಿಸ್ಟರ್ ಗಮನಿಸಿದ್ದು ಅದಾದ ಮೇಲಿನದು. ಪಕ್ಕದವನ ಗಡ್ಡಕ್ಕೆ ನೊರೆ ಹಚ್ಚುವುದನ್ನು ಮೇಷ್ಟ್ರು ಬಿಡದೆ ನೋಡುತ್ತಿದ್ದರು. ಬ್ರಷ್ಷು ಎರಡೇ ಸುತ್ತಿಗೆ ನಿಂತಾಗ ಅವರ ಹುಬ್ಬು ಗಂಟಿಕ್ಕಿತು. ರೇಜರ್ ಇಳಿಯುವಾಗ 'ಚ್' ಎಂದು ಲೊಚಗುಟ್ಟಿದರು.

"ಅಮ್ಮಾ, ಇವರ ಮುಖಕ್ಕೆ ಕ್ಷೌರ ಮಾಡ್ತಿದ್ದೋರು ಯಾರು?"

"ಇನ್ಯಾರು? ಅವರೇ. ಮದುವೆ ದಿನಾನೂ ಬೇರೆಯೋರು ಮುಟ್ಟಿಲ್ಲ" ಎಂದಳು ಹೆಂಡತಿ. "ಇವರಿಗೆ ಕಲಿಸಿದ ಗುರುಗಳು ಹೇಳಿದ್ದಂತೆ, ದಿನಾ ಬೆಳಿಗ್ಗೆ ತನ್ನ ಮುಖ ತಾನು ನುಣ್ಣಗೆ ಮಾಡ್ಕೊಳ್ದೆ ಇನ್ನೊಬ್ಬರ ಕೆನ್ನೆ ಮುಟ್ಟಬಾರದು ಅಂತ. ಕೈ ಇವತ್ತು ಹೇಗಿದೆ ಅಂತ ಮೊದ್ಲು ನಿನ್ನ ಚರ್ಮಕ್ಕೆ ಗೊತ್ತಾಗ್ಲಿ ಅಂತ. ಕಲಿಯೋಕೆ ಬಂದೋರಿಗೆಲ್ಲ ಇವರೂ ಅದೇ ಹೇಳೋದು. ಒಂದು ದಿನ ತಪ್ಪಿಸಿದೋರಲ್ಲ."

ಸಿಸ್ಟರ್ ಮೇಷ್ಟ್ರ ಗಡ್ಡವನ್ನು ನೋಡಿದಳು. ಅದು ಬರೀ ಕೂದಲೆಂದುಕೊಂಡಿದ್ದಳಲ್ಲ! ತನ್ನ ಕೈ ತನಗಿಲ್ಲವೆಂಬ ಸುದ್ದಿಯನ್ನು ಆ ಮನುಷ್ಯ ಮುಖದ ಮೇಲೆ ಹೊತ್ತುಕೊಂಡು ಮಲಗಿದ್ದ.

ಅವಳು ಡಾಕ್ಟರ ಹತ್ತಿರ ಹೋದಳು. ಡಾಕ್ಟರು ಕೇಳಿ ಹುಬ್ಬೇರಿಸಿದರು. "ರಕ್ತ ಹೆಪ್ಪುಗಟ್ಟದೇ ಇರೋ ಔಷಧಿ ಕೊಡ್ತಿದೀವಿ ಅಕ್ಕಾ. ಸಣ್ಣ ಗಾಯ ಆದ್ರೂ ರಕ್ತ ನಿಲ್ಲಲ್ಲ."

"ರೇಜರ್ ಕೇಳ್ತಿಲ್ಲ ಸಾರ್. ಬ್ರಷ್ಷು, ಸೋಪು, ಅಷ್ಟೇ."

"ಬರೀ ನೊರೆ ಹಚ್ಕೊಂಡು ಏನ್ ಮಾಡ್ತಾರೆ?"

"ತೊಳ್ಕೋತಾರೆ. ಮತ್ತೆ ಹಚ್ಕೋತಾರೆ."

ಡಾಕ್ಟರು ನಕ್ಕರು. ಆಮೇಲೆ ಸ್ವಲ್ಪ ಯೋಚಿಸಿ, "ಬಲಗೈಲಿ ಹಚ್ಚಿಸಿ. ಮಣಿಕಟ್ಟು ತಿರುಗತ್ತೆ, ಭುಜ ಏಳತ್ತೆ. ಒಳ್ಳೇದೇ" ಎಂದರು.

ಹೆಂಡತಿ ಸಲೂನಿನಿಂದ ಮೇಷ್ಟ್ರ ಸ್ವಂತ ಬ್ರಷ್ಷು, ಪಿಂಗಾಣಿ ಬಟ್ಟಲು, ಕನ್ನಡಿ ತಂದಳು. ಬ್ರಷ್ಷಿನ ಮರದ ಹಿಡಿ ಅವರ ಬೆರಳಿನ ಅಚ್ಚಿಗೆ ಸವೆದಿತ್ತು. ಸಿಸ್ಟರ್ ಅದನ್ನು ಮಂಚದ ಮೇಜಿನ ಮೇಲಿಟ್ಟು, ಕೈ ಬೆನ್ನ ಹಿಂದೆ ಕಟ್ಟಿದಳು. ಹೆಂಡತಿಗೂ ಕಣ್ಸನ್ನೆ ಮಾಡಿದಳು. ಹೆಂಡತಿ ಸೆಡವಿನಿಂದಲೇ ಕೈ ಹಿಂದೆ ಒಯ್ದಳು.

ಮೇಷ್ಟ್ರು ಗೋಡೆ ನೋಡುತ್ತಿದ್ದರು. ಸೋಪಿನ ವಾಸನೆ ಹೋಗಿ ಮೂಗು ತಟ್ಟಿತು. ತಲೆ ಮೆಲ್ಲಗೆ ಇತ್ತ ತಿರುಗಿತು. ಎಡಗೈ ಬ್ರಷ್ಷನ್ನು ಎತ್ತಿತು. ಬಲಗೈಯ ಸತ್ತ ಬೆರಳುಗಳ ನಡುವೆ ಇಟ್ಟಿತು. ಮೇಲಿನಿಂದ ಮುಚ್ಚಿ ಹಿಡಿಯಿತು. ಬಟ್ಟಲಿನಲ್ಲಿ ಬ್ರಷ್ಷು ಒಂದು ಸುತ್ತು ಬಂತು. ಬಿತ್ತು. ಹೆಂಡತಿಯ ಭುಜ ಮುಂದಕ್ಕೆ ಜಿಗಿಯಿತು.

"ಕೈ!" ಎಂದಳು ಸಿಸ್ಟರ್ ಹಲ್ಲುಕಚ್ಚಿ.

"ಕೈ ಹಿಂದೇನೇ ಇದೆ, ಭುಜ ಹೋಗಿದ್ದು" ಎಂದಳು ಹೆಂಡತಿ ಅಷ್ಟೇ ಮೆತ್ತಗೆ.

ಬ್ರಷ್ಷು ಮತ್ತೆ ಎದ್ದಿತು. ಅಂದು ನೊರೆ ಕೆನ್ನೆಗಿಂತ ಹೆಚ್ಚಾಗಿ ಮೂಗು, ಕಿವಿ, ಹೊದಿಕೆ ಸೇರಿತು. ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು ಮೇಷ್ಟ್ರ ಗಂಟಲಿನಿಂದ ಒಂದು ಸದ್ದು ಬಂತು. ಸಿಸ್ಟರ್ ಕೆಮ್ಮೆಂದು ಹೆದರಿ ಬಗ್ಗಿದಳು. ಅದು ನಗು.

ಆಮೇಲಿನ ಕತೆಯನ್ನು ಬೇಗ ಹೇಳಿದರೆ ಸುಳ್ಳಾಗುತ್ತದೆ, ಯಾಕೆಂದರೆ ಅದು ಬೇಗ ನಡೆಯಲಿಲ್ಲ. ದಿನಾ ಬೆಳಿಗ್ಗೆ ನೊರೆ. ಕೆಲವು ದಿನ ಬ್ರಷ್ಷು ಎದೆಯವರೆಗೂ ಏರುತ್ತಿರಲಿಲ್ಲ. ಅಂಥ ದಿನ ಮೇಷ್ಟ್ರು ಬಟ್ಟಲನ್ನು ತಳ್ಳಿ ಮತ್ತೆ ಗೋಡೆ ನೋಡುತ್ತಿದ್ದರು, ಮತ್ತು ಯಾರೂ ಅವರನ್ನು ಪುಸಲಾಯಿಸುತ್ತಿರಲಿಲ್ಲ. ಆದರೆ ನೊರೆ ಹಚ್ಚಿಕೊಳ್ಳಲು ನೆಟ್ಟಗೆ ಕೂರಬೇಕು, ನೆಟ್ಟಗೆ ಕೂತವನಿಗೆ ಹಸಿವಾಗುತ್ತದೆ. ಒಂದು ದಿನ ಅವರೇ ಪಕ್ಕದ ಮಂಚದವನ ಊಟದ ಬಟ್ಟಲಿನ ಕಡೆ ಗಲ್ಲ ಎತ್ತಿ ತೋರಿಸಿದರು. ನುಂಗುವುದನ್ನು ಪರೀಕ್ಷಿಸುವವರು ಬಂದು ನೋಡಿ, ಡಾಕ್ಟರು ಒಪ್ಪಿ, ಚಮಚದಿಂದ ಚಮಚಕ್ಕೆ ಊಟ ಮತ್ತೆ ಶುರುವಾಯಿತು. ಅವರು ತಿನ್ನುವಾಗ ಮಂಚದ ಆಚೆ ಈಚೆ ಇಬ್ಬರು ಹೆಂಗಸರು ಬೆನ್ನ ಹಿಂದೆ ಕೈ ಕಟ್ಟಿ ನಿಲ್ಲುತ್ತಿದ್ದರು. ಆಯಾ ಅದನ್ನು ನೋಡಿ, "ಏನ್ರಮ್ಮಾ, ಪೊಲೀಸ್ ಕಾವಲಾ?" ಎಂದಳು. ಹೆಂಡತಿ, "ಹೂಂ, ಖೈದಿ ಬಾಳೆಹಣ್ಣು ಕದ್ದಿದಾನೆ" ಎಂದಳು. ಮೂಗಿನ ನಳಿಕೆ ಹೊರಬಂದ ದಿನ ಅವಳು ಮೊಗಸಾಲೆಗೆ ಹೋಗಿ, ನಲ್ಲಿ ಪೂರ್ತಿ ತಿರುಗಿಸಿ, ಆ ಸದ್ದಿನಲ್ಲಿ ಅತ್ತು ಬಂದಳು.

ಮನೆಗೆ ಹೋಗುವ ದಿನ ಗೊತ್ತಾಯಿತು. ಅದರ ಹಿಂದಿನ ದಿನ ಬೆಳಿಗ್ಗೆ ಮೇಷ್ಟ್ರು ನೊರೆ ಹಚ್ಚಿಕೊಂಡು ಮುಗಿಸಿ, ಬ್ರಷ್ಷು ಇಟ್ಟು, ಎಡಗೈಯನ್ನು ಸಿಸ್ಟರ್ ಕಡೆ ಚಾಚಿದರು. ತೊದಲು ಮಾತು ಈಗ ಅರ್ಥವಾಗುತ್ತಿತ್ತು.

"ರೇ... ಜರ್."

ಸಿಸ್ಟರ್ ಆ ಚಾಚಿದ ಕೈಯನ್ನು ನೋಡಿದಳು. ಈ ಕೈ ಈ ಮನುಷ್ಯನದು. ಆದರೆ ರಕ್ತ ಬಂದರೆ ಉತ್ತರ ಹೇಳಬೇಕಾದದ್ದು ಅವಳು. "ಡಾಕ್ಟರನ್ನ ಕೇಳ್ತೀನಿ ಮೇಷ್ಟ್ರೇ. ಬೇಡ ಅಂದ್ರೆ ಬೇಡ, ನನ್ ಮೇಲೆ ಕೋಪ ಮಾಡ್ಕೋಬಾರದು" ಎಂದಳು. ಡಾಕ್ಟರು ಆ ದಿನದ ರಕ್ತಪರೀಕ್ಷೆ ನೋಡಿ, ಸೇಫ್ಟಿ ರೇಜರ್ ಆದರೆ ಸರಿ, ಸಿಸ್ಟರ್ ಪಕ್ಕದಲ್ಲೇ ಇರಬೇಕು ಎಂದರು. ಅವಳು ಟ್ರೇಯಲ್ಲಿ ಹತ್ತಿ, ಒತ್ತುವ ಬಟ್ಟೆ ಸಿದ್ಧ ಮಾಡಿಕೊಂಡು ಬಂದು ನಿಂತಳು.

ರೇಜರ್ ಎಡಗೈಯಲ್ಲಿ. ಬಲಗೈ ಕನ್ನಡಿಯನ್ನು ಆತುಕೊಂಡಿತ್ತು. ಅಷ್ಟು ಮಾಡುವುದಕ್ಕೆ ಅದು ಕಲಿತಿತ್ತು. ಎಡಗೆನ್ನೆಯ ಮೇಲೆ ರೇಜರ್ ಇಳಿಯಿತು. ಕಿವಿಯ ಬುಡದಿಂದ ಗಲ್ಲದವರೆಗೆ ಒಂದು ಹಾದಿ ಬಿತ್ತು. ನಿಂತಿತು. ತೊಳೆಸಿಕೊಂಡಿತು. ಮತ್ತೊಂದು ಹಾದಿ. ಎಡಗೈ ಈ ಕೆಲಸ ಮಾಡಿದ್ದೇ ಇಲ್ಲ, ಆದರೆ ಇಷ್ಟು ವರ್ಷ ಬಲಗೈ ಮಾಡಿದ್ದನ್ನು ಪಕ್ಕದಲ್ಲೇ ಕೂತು ನೋಡಿತ್ತಲ್ಲ. ಸಿಸ್ಟರ್ ತನ್ನ ಮಣಿಕಟ್ಟನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಬೆರಳಿನ ಗುರುತು ಮೂಡಿತ್ತು.

ಎಡಗೆನ್ನೆ ಹಳೆಯ ಕತ್ತರಿ ಮೇಷ್ಟ್ರದಾಯಿತು. ರೇಜರ್ ಗಲ್ಲ ದಾಟಿ ಬಲಗೆನ್ನೆಯ ಅಂಚಿಗೆ ಬಂದು ಅಲ್ಲೇ ನಿಂತಿತು. ಮೇಷ್ಟ್ರು ಎಡಗೈ ಬೆರಳಿನಿಂದ ಬಲಗೆನ್ನೆಯನ್ನು ಒತ್ತಿ ನೋಡಿದರು. ಇನ್ನೊಮ್ಮೆ ಒತ್ತಿದರು. ಬೆರಳಿಗೆ ಕೆನ್ನೆ ಸಿಕ್ಕಿತು. ಕೆನ್ನೆಗೆ ಬೆರಳು ಸಿಗಲಿಲ್ಲ. ಕನ್ನಡಿಯಲ್ಲಿ ಅವರ ಕಣ್ಣು ಬಹಳ ಹೊತ್ತು ಆ ಬಿಳಿ ಅರ್ಧವನ್ನು ನೋಡಿತು.

ಸಿಸ್ಟರ್ ಒಂದು ಹೆಜ್ಜೆ ಮುಂದೆ ಬಂದಳು. ಕೈ ಬಿಚ್ಚಿಕೊಳ್ಳುವುದರಲ್ಲಿತ್ತು. ಆಮೇಲೆ ಆ ಹೆಜ್ಜೆಯನ್ನು ಹಿಂದಕ್ಕಿಟ್ಟಳು.

ಮೇಷ್ಟ್ರು ರೇಜರನ್ನು ತೊಳೆದರು. ಹಿಡಿಯನ್ನು ಆಚೆ ತಿರುಗಿಸಿ, ಹೆಂಡತಿಯ ಕಡೆ ಚಾಚಿದರು.

"ಈ ಕಡೆ... ನಂಗೆ ಗೊತ್ತಾಗಲ್ಲ. ಇದು... ನಿಂದು."

ಹೆಂಡತಿಯ ಕೈ ಬೆನ್ನ ಹಿಂದೆಯೇ ಇತ್ತು. "ಅಯ್ಯೋ, ನಂಗೆ ಬರಲ್ಲಾರೀ! ನಾನು ಜನ್ಮದಲ್ಲಿ ರೇಜರ್ ಹಿಡಿದಿಲ್ಲ. ಸಿಸ್ಟರ್, ನೀವೇ..."

ಸಿಸ್ಟರ್ ಸೂರು ನೋಡಿದಳು.

"ಬಾ" ಎಂದರು ಮೇಷ್ಟ್ರು. ಆ ಒಂದು ಮಾತು ತೊದಲದೆ ಬಂತು. ಎಷ್ಟೋ ಮಂದಿಗೆ ಕತ್ತರಿ ಕಲಿಸಿದ ಧ್ವನಿ ಅದು. "ಮೊದ್ಲು... ಚರ್ಮ ಎಳೆದು ಹಿಡಿ. ಮೇಲಕ್ಕೆ. ಹಾಂ. ರೇಜರ್ ಒತ್ತಬೇಡ. ಅದರ ಭಾರಕ್ಕೆ... ಅದೇ ಇಳೀತದೆ."

ಹೆಂಡತಿ ಕೈ ಬಿಚ್ಚಿದಳು. ಕೆನ್ನೆ ಎಳೆದು ಹಿಡಿದು, ರೇಜರ್ ಇಟ್ಟಳು. ನೊರೆಯಲ್ಲಿ ಒಂದು ಸಣ್ಣ ಹಾದಿ ಬಿತ್ತು, ಡೊಂಕಾಗಿ.

"ಕೈ ಗಟ್ಟಿ ಇದೆ ನಿಂದು. ಸಡಿಲ ಬಿಡು."

"ಸುಮ್ನಿರಿ, ಮಾತಾಡಿದ್ರೆ ತುಟಿ ಹೋಗತ್ತೆ."

"ಗಿರಾಕಿಗೆ... ಹಾಗೆಲ್ಲ ಗದರಬಾರದು."

ಕಿವಿಯ ಹತ್ತಿರ ಸಾಸಿವೆಯಷ್ಟು ರಕ್ತ ಕಂಡಿತು. ಹೆಂಡತಿ ಹೌಹಾರಿದಳು. ಸಿಸ್ಟರ್ ಹತ್ತಿಯ ಉಂಡೆಯನ್ನು ಅವಳ ಕೈಗೆ ಕೊಟ್ಟು, "ಒತ್ತಿ ಹಿಡ್ಕೊಳಿ, ಉಜ್ಜಬೇಡಿ" ಎಂದಳು. ಹೆಂಡತಿ ಒತ್ತಿ ಹಿಡಿದಳು. ಸಿಸ್ಟರ್ ಬಗ್ಗಿ ನೋಡಿದಳು, ರಕ್ತ ನಿಂತಿರಲಿಲ್ಲ, ಇನ್ನೂ ಒತ್ತಿಸಿದಳು, ಮತ್ತೆ ನೋಡಿದಳು. ನಿಂತಿತ್ತು. ರೇಜರ್ ಮತ್ತೆ ಎದ್ದಿತು.

ಅತ್ತ ಬಾಗಿಲ ಪಕ್ಕದ ಮಂಚದಿಂದ ಒಬ್ಬಾತನ ತಾಯಿ ಕೂಗಿದಳು: "ಸಿಸ್ಟರ್, ಇವನು ಚಪ್ಪಲಿ ಹಾಕ್ಕೊಳಕ್ಕೆ ಒದ್ದಾಡ್ತಿದಾನೆ, ಬಂದು ಹಾಕ್ರೀ!"

"ಬಂದೆ ಅಮ್ಮಾ" ಎಂದಳು ಕೈಕಟ್ಟಕ್ಕ. ಆದರೆ ಆ ಡೊಂಕು ಹಾದಿ ಗಲ್ಲ ತಲುಪುವವರೆಗೆ ಅಲ್ಲಿಂದ ಕದಲಲಿಲ್ಲ. ಆಮೇಲೆ ಬೆನ್ನ ಹಿಂದೆ ಮಣಿಕಟ್ಟು ಹಿಡಿದುಕೊಂಡೇ ಬಾಗಿಲ ಕಡೆ ನಡೆದಳು. ಆ ತಾಯಿಯ ಪಕ್ಕದಲ್ಲಿ ಒಂದು ಸ್ಟೂಲು ಎಳೆದು ಕೂತು, "ಬನ್ನಿ ಅಮ್ಮಾ, ನಾನ್ಯಾಕೆ ಹಾಕಲ್ಲ ಅಂತ ಮೊದ್ಲು ನಿಮಗೆ ಹೇಳ್ತೀನಿ" ಎಂದಳು.